ಸ್ಪ್ರಿಂಗಿನಂಥ ಗುಂಗುರು ಕೂದಲಿಗೆ ಏನು ಕೊಳ್ಳಬೇಕು, ಏನು ಬಿಡಬೇಕು: ಸಮಗ್ರ ಮಾರ್ಗದರ್ಶಿ

ಅಕ್ಕನ ಮಗಳು ಹಾಸ್ಟೆಲ್ ಸೇರುವ ಹಿಂದಿನ ದಿನ ಟ್ರಂಕಿಗೆ ಸಾಮಾನು ತುಂಬುತ್ತಿದ್ದೆವು. 'ಮಾವಶಿ, ತಲೆಗೆ ಏನೇನು ತಗೊಂಡು ಹೋಗ್ಲಿ?' ಅಂತ ಕೇಳಿದಳು. ಒಂದು ಚೀಟಿಯಲ್ಲಿ ಬರೆದುಕೊಡೋಣ ಅಂತ ಕೂತೆ. ನಾಲ್ಕು ಪುಟ ಆಯಿತು. ಆ ನಾಲ್ಕು ಪುಟವೇ ಇಲ್ಲಿ ಇನ್ನಷ್ಟು ಬೆಳೆದು ನಿಂತಿದೆ.

ನಾವು ಸಿದ್ದಿಗಳು, ಯಲ್ಲಾಪುರದ ಕಡೆಯವರು. ಆಫ್ರಿಕಾದಿಂದ ಬಂದ ನಮ್ಮ ಹಿರಿಯರಲ್ಲಿ ಬಹಳ ಜನರನ್ನು ಪೋರ್ಚುಗೀಸರು ಗೋವಾಕ್ಕೆ ಗುಲಾಮರಾಗಿ ತಂದಿದ್ದರು. ಅಲ್ಲಿಂದ ತಪ್ಪಿಸಿಕೊಂಡವರು ಉತ್ತರ ಕನ್ನಡದ ಕಾಡು ಸೇರಿದರು. ಅವರಿಂದ ನಮಗೆ ಬಂದ ಕೂದಲು ಬಾಲ್‌ಪೆನ್ನಿನ ಒಳಗಿನ ಸ್ಪ್ರಿಂಗಿನ ಹಾಗಿರುತ್ತದೆ. ಎಳೆದರೆ ಭುಜಕ್ಕೆ ಬರುತ್ತದೆ, ಬಿಟ್ಟರೆ ಕಿವಿ ಹತ್ತಿರ ಹೋಗಿ ಕೂರುತ್ತದೆ. ಸಿದ್ದಿಗಳಲ್ಲದವರಲ್ಲೂ ಇಂಥ ಕೂದಲು ಅಲ್ಲಲ್ಲಿ ಕಾಣುತ್ತದೆ. ಅವರಿಗೂ ಈ ಬರಹ ಉಪಯೋಗಕ್ಕೆ ಬರುತ್ತದೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಮ್ಮ ಅಂಗಡಿಗಳಲ್ಲಿ 'ಕರ್ಲಿ' ಅಂತ ಬರೆದು ಮಾರುವ ಬಾಟಲಿಗಳಲ್ಲಿ ಹೆಚ್ಚಿನವು ಅಲೆಅಲೆ ಕೂದಲಿಗೆ, ಅಬ್ಬಬ್ಬಾ ಅಂದ್ರೆ ಸಡಿಲ ಸುರುಳಿಗೆ ಮಾಡಿದವು. ಬಿಗಿ ಸುರುಳಿಗೆ ಅವು ಸಾಲುವುದಿಲ್ಲ. ಅದಕ್ಕೇ ಬಾಟಲಿಯ ಮುಂದಿನ ಮಾತು ನಂಬಬೇಡಿ, ತಿರುಗಿಸಿ ಹಿಂದೆ ಓದಿ. ಮತ್ತೆ, ಶಾಂಪೂಗೆ ಕಡಿಮೆ ದುಡ್ಡು ಹಾಕಿ, ಕಂಡೀಷನರ್‌ಗೆ ಜಾಸ್ತಿ ಹಾಕಿ. ಬಹಳ ಜನ ಇದನ್ನು ಉಲ್ಟಾ ಮಾಡುತ್ತಾರೆ. ನಾನೂ ಹತ್ತು ವರ್ಷ ಹಾಗೇ ಮಾಡಿದವಳು.

ಹೆಜ್ಜೆ 1: ಮೊದಲು ಕೂದಲನ್ನು ಓದಿ

ನೇರ ಕೂದಲಿನ ಒಂದು ಎಳೆಯನ್ನು ಅಡ್ಡ ಕತ್ತರಿಸಿ ನೋಡಿದರೆ ಹೆಚ್ಚುಕಡಿಮೆ ದುಂಡಗಿರುತ್ತದೆ. ನಮ್ಮದು ಚಪ್ಪಟೆ. ಅದು ಹುಟ್ಟುವ ಬುಡದ ಚೀಲವೇ ಬಾಗಿರುತ್ತದೆ. ನೆತ್ತಿಯಲ್ಲಿ ಬರುವ ಎಣ್ಣೆ ನೇರ ಕೂದಲಿನಲ್ಲಿ ಸುಲಭವಾಗಿ ತುದಿವರೆಗೆ ಇಳಿಯುತ್ತದೆ. ನಮ್ಮ ಕೂದಲಿನಲ್ಲಿ ಅದು ಘಾಟಿ ರಸ್ತೆ ಇಳಿದ ಹಾಗೆ, ಪ್ರತಿ ತಿರುವಿನಲ್ಲೂ ನಿಲ್ಲುತ್ತದೆ. ಹಾಗಾಗಿ ನೆತ್ತಿ ಜಿಡ್ಡು, ತುದಿ ಒಣಗು. ಕೂದಲು ಮುರಿಯುವುದೂ ಆ ತಿರುವುಗಳಲ್ಲೇ. 'ನಿನ್ನ ಕೂದಲು ಬೆಳೆಯೋದೇ ಇಲ್ವಾ?' ಅಂತ ಕೇಳುವವರಿಗೆ ಇದೇ ಉತ್ತರ. ಬುಡದಲ್ಲಿ ಬೆಳೆಯುತ್ತದೆ, ತುದಿಯಲ್ಲಿ ಮುರಿಯುತ್ತದೆ. ಉಳಿದದ್ದೂ ಸುರುಳಿ ಸುತ್ತಿಕೊಂಡು ಗಿಡ್ಡವಾಗಿ ಕಾಣುತ್ತದೆ.

ಯೂಟ್ಯೂಬಿನಲ್ಲಿ 4ಎ, 4ಬಿ, 4ಸಿ ಅಂತ ಕೇಳಿರುತ್ತೀರಿ. ಈ ಲೆಕ್ಕವನ್ನು 1990ರ ದಶಕದಲ್ಲಿ ಜನಪ್ರಿಯ ಮಾಡಿದವರು ಅಮೆರಿಕದ ಆಂಡ್ರೆ ವಾಕರ್, ಓಪ್ರಾ ವಿನ್‌ಫ್ರೇ ಅವರ ಕೇಶ ವಿನ್ಯಾಸಕಾರ. 1 ಅಂದರೆ ನೇರ, 2 ಅಲೆ, 3 ಸುರುಳಿ, 4 ಬಿಗಿ ಸುರುಳಿ. 4ಎ ಕೂದಲಿನಲ್ಲಿ ಸಣ್ಣ ಸ್ಪ್ರಿಂಗ್ ಸ್ಪಷ್ಟವಾಗಿ ಕಾಣುತ್ತದೆ. 4ಬಿ ಅಂಕುಡೊಂಕಾಗಿ ಮಡಚಿಕೊಂಡಿರುತ್ತದೆ. 4ಸಿಯಲ್ಲಿ ಸುರುಳಿ ಎಷ್ಟು ಬಿಗಿ ಅಂದರೆ ಬರಿಗಣ್ಣಿಗೆ ಹತ್ತಿಯ ಹಾಗೆ ಕಾಣುತ್ತದೆ. ಒಂದೇ ತಲೆಯಲ್ಲಿ ಎರಡು ಮೂರು ಬಗೆ ಇರುವುದು ಮಾಮೂಲಿ. ನನ್ನ ಹಿಂದಲೆ 4ಸಿ, ಹಣೆಯ ಮೇಲಿನದು 4ಎ. ಸಾಮಾನು ಆರಿಸುವಾಗ ಈ ಅಕ್ಷರಗಳಿಂದ ಅಂಥ ಉಪಯೋಗವೇನೂ ಇಲ್ಲ ಅನ್ನುವುದು ನನ್ನ ಅನುಭವ. ಉಪಯೋಗಕ್ಕೆ ಬರುವುದು ಬೇರೆ ಎರಡು ವಿಷಯ.

ಮೊದಲನೆಯದು, ಕೂದಲು ನೀರು ಕುಡಿಯುವ ರೀತಿ. ಶಾಂಪೂ ಹಾಕಿ ತೊಳೆದು, ಏನೂ ಹಚ್ಚದೆ ಪೂರ್ತಿ ಒಣಗಿಸಿ. ಆಮೇಲೆ ಒಂದು ಗೊಂಚಲಿನ ಮೇಲೆ ನೀರು ಚಿಮುಕಿಸಿ ನೋಡಿ. ಕೆಸುವಿನ ಎಲೆ ಮೇಲಿನ ಹಾಗೆ ನೀರು ಮಣಿಮಣಿಯಾಗಿ ಕೂತಿತೇ? ತಲೆ ಒದ್ದೆ ಆಗಲಿಕ್ಕೂ ಹೊತ್ತು, ಒಣಗಲಿಕ್ಕೂ ಅರ್ಧ ದಿನವೇ? ಹಾಗಿದ್ದರೆ ಕೂದಲಿನ ಹೊರಪೊರೆ ಮುಚ್ಚಿಕೊಂಡಿದೆ. ದಪ್ಪ ಬೆಣ್ಣೆ (ಹಾಲಿನದಲ್ಲ, ಬೀಜದಿಂದ ತೆಗೆದದ್ದು), ದಪ್ಪ ಎಣ್ಣೆ ಒಳಗೆ ಹೋಗದೆ ಮೇಲೇ ಕೂರುತ್ತವೆ, ತೆಳುವಾದದ್ದು ಆರಿಸಿ. ಅದೇ ಹಾಕಿದ ಕೂಡಲೇ ನೀರು ಹೀರಿ, ನೋಡನೋಡುತ್ತಲೇ ಒಣಗಿದರೆ ಪೊರೆ ತೆರೆದುಕೊಂಡಿದೆ. ಬಣ್ಣ ಹಾಕಿಸಿದ, ಇಸ್ತ್ರಿ ಮಾಡಿಸಿದ ಕೂದಲು ಸಾಮಾನ್ಯವಾಗಿ ಹೀಗಾಗುತ್ತದೆ. ಅದಕ್ಕೆ ದಪ್ಪ ಕ್ರೀಮು, ಬೆಣ್ಣೆ, ಸ್ವಲ್ಪ ಪ್ರೋಟೀನ್ ಬೇಕು. ಗ್ಲಾಸ್ ನೀರಿನಲ್ಲಿ ಕೂದಲು ತೇಲಿಸಿ ನೋಡುವ ಪರೀಕ್ಷೆ ಬಿಟ್ಟುಬಿಡಿ. ಸ್ವಲ್ಪ ಜಿಡ್ಡಿದ್ದರೂ ಎಂಥ ಕೂದಲೂ ತೇಲುತ್ತದೆ.

ಎರಡನೆಯದು ಎಳೆಯ ದಪ್ಪ. ಒಂದೇ ಎಳೆಯನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಉಜ್ಜಿ. ಕೈಯಲ್ಲಿ ಏನೂ ಇಲ್ಲ ಅನ್ನಿಸಿದರೆ ತೆಳು, ದಾರದ ಹಾಗೆ ತಾಗಿದರೆ ದಪ್ಪ. ಬಿಗಿ ಸುರುಳಿ ಅಂದರೆ ಒರಟು, ಗಟ್ಟಿ ಕೂದಲು ಅಂತ ಎಲ್ಲರೂ ತಿಳಿದುಕೊಂಡಿದ್ದಾರೆ. ಅದು ತಪ್ಪು. ರಾಶಿ ದೊಡ್ಡದಿರಬಹುದು, ಆದರೆ ಒಂದೊಂದು ಎಳೆ ಬಹಳ ನಾಜೂಕಾಗಿರುವುದೇ ಜಾಸ್ತಿ. ತೆಳು ಎಳೆಗೆ ಭಾರದ ಬೆಣ್ಣೆ ಹಚ್ಚಿದರೆ ಜೋತುಬೀಳುತ್ತದೆ.

ಹೆಜ್ಜೆ 2: ನಲ್ಲಿ ನೀರು ಯಾವುದು?

ಸ್ನಾನದ ಬಕೆಟ್ಟಿನ ಅಂಚು ನೋಡಿ. ಬಿಳಿ ಪುಡಿಯ ಗೆರೆ ಕಟ್ಟಿದ್ದರೆ ಅದು ಗಡಸು ನೀರು, ಹೆಚ್ಚಾಗಿ ಬೋರ್‌ವೆಲ್ಲಿನದು. ಅದರ ಕ್ಯಾಲ್ಸಿಯಂ, ಮೆಗ್ನೀಷಿಯಂ ಕೂದಲಿಗೂ ಹಾಗೇ ಮೆತ್ತಿಕೊಳ್ಳುತ್ತದೆ. ಊರಲ್ಲಿ ಹಳ್ಳದ ನೀರಿನಲ್ಲಿ ಚೆನ್ನಾಗಿದ್ದ ನನ್ನ ಕೂದಲು ಹುಬ್ಬಳ್ಳಿಯ ಬಾಡಿಗೆ ಮನೆಯಲ್ಲಿ ಎರಡೇ ತಿಂಗಳಿಗೆ ತೆಂಗಿನ ನಾರಾಯಿತು. ಕಂಡೀಷನರ್ ಕೆಟ್ಟದ್ದು ಅಂದುಕೊಂಡು ಮೂರು ಬಾಟಲಿ ಬದಲಾಯಿಸಿದೆ. ತಪ್ಪು ನೀರಿನದಾಗಿತ್ತು.

ಇಂಥ ನೀರಿದ್ದರೆ ಶಾಂಪೂವಿನ ಹಿಂದೆ ಡೈಸೋಡಿಯಂ ಇಡಿಟಿಎ, ಟೆಟ್ರಾಸೋಡಿಯಂ ಇಡಿಟಿಎ ಅಥವಾ ಸೋಡಿಯಂ ಫೈಟೇಟ್ ಇದೆಯೇ ನೋಡಿ. ಇವು ಗಡಸು ಲವಣವನ್ನು ಹಿಡಿದು ತೆಗೆಯುತ್ತವೆ. ಪಟ್ಟಿಯ ಕೊನೆಯಲ್ಲಿ ಚೂರು ಇದ್ದರೆ ಅದು ಶಾಂಪೂ ಕೆಡದ ಹಾಗೆ ನೋಡಿಕೊಳ್ಳಲು ಮಾತ್ರ. ಗಡಸು ನೀರಿಗೆಂದೇ ಮಾಡಿದ ಶಾಂಪೂ ಒಂದು ತಂದಿಟ್ಟುಕೊಂಡು ತಿಂಗಳಿಗೊಮ್ಮೆ ಬಳಸಿದರೆ ಸಾಕು. ಕೊನೆಯ ಎರಡು ತಂಬಿಗೆ ಮಳೆ ನೀರೋ, ಫಿಲ್ಟರ್ ನೀರೋ ಆದರೆ ಇನ್ನೂ ಒಳ್ಳೆಯದು.

ಹೆಜ್ಜೆ 3: ಬಾಟಲಿ ತಿರುಗಿಸಿ

ಹೋದ ತಿಂಗಳು ಒಂದು ಅಂಗಡಿಯಲ್ಲಿ ಕೈಗೆತ್ತಿಕೊಂಡ ಬಾಟಲಿಯ ಕತೆ ಹೇಳುತ್ತೇನೆ. ಮುಂದೆ ಜೇನು ಸುರಿಯುವ ಚಿತ್ರ, ಪಕ್ಕದಲ್ಲಿ ಆರ್ಗನ್ ಅನ್ನುವ ಎಣ್ಣೆಕಾಯಿ, ಕೆಳಗೆ 'ತೀವ್ರ ಪೋಷಣೆ'. ಹಿಂದಿನ ಪಟ್ಟಿ ಓದಿದೆ. ನೀರು, ಸೆಟಿಯರಿಲ್ ಆಲ್ಕೋಹಾಲ್, ಬೆಹೆಂಟ್ರಿಮೋನಿಯಂ ಕ್ಲೋರೈಡ್, ಡೈಮೆಥಿಕೋನ್, ಗ್ಲಿಸರಿನ್, ಫಿನಾಕ್ಸಿಎಥನಾಲ್, ಸುಗಂಧ, ಆಮೇಲೆ ಜೇನು, ಆಮೇಲೆ ಆರ್ಗನ್ ಎಣ್ಣೆ, ಕೊನೆಗೆ ಬಣ್ಣ.

ನಮ್ಮ ದೇಶದ ನಿಯಮದ ಪ್ರಕಾರ 1%ಗಿಂತ ಜಾಸ್ತಿ ಇರುವ ಪದಾರ್ಥಗಳನ್ನು ಪ್ರಮಾಣ ಇಳಿಯುವ ಕ್ರಮದಲ್ಲಿ ಬರೆಯಬೇಕು. 1%ಗಿಂತ ಕಡಿಮೆ ಇರುವವನ್ನು ಹೇಗೆ ಬೇಕಾದರೂ ಬರೆಯಬಹುದು. ಫಿನಾಕ್ಸಿಎಥನಾಲ್ ಅನ್ನುವುದು ಕೆಡದಂತೆ ಕಾಯುವ ವಸ್ತು, ಅದನ್ನು ಹಾಕುವ ಮಿತಿಯೇ 1%. ಅಂದರೆ ಅದರ ಹೆಸರು ಕಂಡ ಜಾಗವೇ ಗಡಿಕಲ್ಲು. ಅದರ ಆಚೆ ಇರುವುದೆಲ್ಲ ಚಿಟಿಕೆಯಷ್ಟು. ಆ ಬಾಟಲಿಯಲ್ಲಿ ಜೇನು, ಆರ್ಗನ್ ಎರಡೂ ಗಡಿಯ ಆಚೆ ಇದ್ದವು. ಚಿತ್ರಕ್ಕೆ ಮಾತ್ರ ಜೇನು! ಆದರೂ ಅದನ್ನು ಕೊಂಡೆ. ಯಾಕೆಂದರೆ ಗಡಿಯ ಈಚೆ ಇದ್ದ ಮೊದಲ ನಾಲ್ಕೈದು ಹೆಸರು ಒಳ್ಳೆಯವಾಗಿದ್ದವು. ಕೊಳ್ಳುವುದು ಆ ನಾಲ್ಕೈದು ಹೆಸರನ್ನೇ.

'ಆಲ್ಕೋಹಾಲ್' ಅಂತ ಕಂಡ ತಕ್ಷಣ ಹೆದರಿ ಬಾಟಲಿ ವಾಪಸ್ ಇಡುವವರಿದ್ದಾರೆ. ಸೆಟಿಲ್, ಸೆಟಿಯರಿಲ್, ಸ್ಟಿಯರಿಲ್, ಬೆಹೆನಿಲ್ ಆಲ್ಕೋಹಾಲ್ ಇವೆಲ್ಲ ಮೇಣದಂಥವು, ಕೂದಲನ್ನು ನುಣುಪು ಮಾಡುತ್ತವೆ. ಒಣಗಿಸುವುದು ಆಲ್ಕೋಹಾಲ್ ಡಿನಾಟ್, ಎಸ್‌ಡಿ ಆಲ್ಕೋಹಾಲ್, ಐಸೊಪ್ರೊಪಿಲ್ ಆಲ್ಕೋಹಾಲ್. ಕೆಲವು ಜೆಲ್, ಸ್ಪ್ರೇಗಳಲ್ಲಿ ಇವು ಪಟ್ಟಿಯ ಎರಡನೆಯ ಹೆಸರೇ ಆಗಿರುತ್ತವೆ. ಅಂಥವು ನಮಗೆ ಬೇಡ.

ಹೆಜ್ಜೆ 4: ಶಾಂಪೂ

ನೊರೆ ಜಾಸ್ತಿ ಬಂದರೆ ತಲೆ ಚೆನ್ನಾಗಿ ತೊಳೆಯಿತು ಅನ್ನುವ ನಂಬಿಕೆ ನಮ್ಮ ಮನೆಗಳಲ್ಲಿ ಗಟ್ಟಿಯಾಗಿದೆ. ಸೋಡಿಯಂ ಲಾರಿಲ್ ಸಲ್ಫೇಟ್, ಅಮೋನಿಯಂ ಲಾರಿಲ್ ಸಲ್ಫೇಟ್ ಬಹಳ ನೊರೆ ಕೊಡುತ್ತವೆ, ಜೊತೆಗೆ ಇರುವ ಸ್ವಲ್ಪ ಎಣ್ಣೆಯನ್ನೂ ಎಳೆದುಕೊಂಡು ಹೋಗುತ್ತವೆ. ಸೋಡಿಯಂ ಲಾರೆತ್ ಸಲ್ಫೇಟ್ ಅದರ ಸ್ವಲ್ಪ ಮೆತ್ತನೆಯ ತಮ್ಮ. ನಾವು ಹುಡುಕಬೇಕಾದದ್ದು ಸೋಡಿಯಂ ಕೊಕೋಯಿಲ್ ಐಸೆಥಿಯೊನೇಟ್, ಕೊಕಮಿಡೊಪ್ರೊಪಿಲ್ ಬೀಟೈನ್, ಡೆಸಿಲ್ ಗ್ಲುಕೋಸೈಡ್, ಕೋಕೋ ಗ್ಲುಕೋಸೈಡ್. ಇವುಗಳ ನೊರೆ ಸಾಮಾನ್ಯವಾಗಿ ಕಡಿಮೆ. ಮೊದಲ ಸಲ 'ಅಯ್ಯೋ, ಕೊಳೆ ಹೋಗೇ ಇಲ್ಲ' ಅನ್ನಿಸುತ್ತದೆ. ಹೋಗಿರುತ್ತದೆ.

ಹಾಗಂತ ಸಲ್ಫೇಟನ್ನು ಕಂಡರೆ ಓಡಬೇಕಾಗಿಲ್ಲ. ತಿಂಗಳು ಪೂರ್ತಿ ಬೆಣ್ಣೆ, ಜೆಲ್, ಸಿಲಿಕೋನ್ ಹಚ್ಚಿದ ತಲೆಗೆ ಒಮ್ಮೆ ಜೋರು ಶಾಂಪೂ ಬೇಕೇ ಬೇಕು. ಇಲ್ಲದಿದ್ದರೆ ಎಷ್ಟೇ ಒಳ್ಳೆಯ ಕಂಡೀಷನರ್ ಹಚ್ಚಿದರೂ ಮೇಲಿಂದ ಜಾರಿಹೋಗುತ್ತದೆ. ಅದಕ್ಕೆ ಎರಡು ರೂಪಾಯಿಯ ಸ್ಯಾಶೆ ಸಾಕು. ಬೇರೆ ಬಾಟಲಿ ಯಾಕೆ?

ಬೇರೆಯವರ ಹಾಗೆ ದಿನ ಬಿಟ್ಟು ದಿನ ತಲೆಸ್ನಾನ ಬೇಡ. ವಾರಕ್ಕೊಮ್ಮೆ, ಹೆಚ್ಚೆಂದರೆ ಹತ್ತು ದಿನಕ್ಕೊಮ್ಮೆ ಸಾಕು. ಹೊಲದಲ್ಲಿ ಬೆವರುವವರು, ಆಟ ಆಡುವ ಹುಡುಗಿಯರು ಮಧ್ಯೆ ಒಮ್ಮೆ ಬರೀ ನೀರು, ಕಂಡೀಷನರ್ ಹಾಕಿ ತೊಳೆದರೆ ನಡೆಯುತ್ತದೆ. ಶಾಂಪೂವನ್ನು ನೆತ್ತಿಗೆ ಮಾತ್ರ ಹಾಕಿ, ಉಗುರು ಬಿಟ್ಟು ಬೆರಳ ತುದಿಯಿಂದ ತಿಕ್ಕಿ. ತುದಿಗೆ ಸೋರಿಹೋಗುವ ನೊರೆಯೇ ಸಾಕು.

ಇನ್ನು ಸೀಗೆಕಾಯಿ. ಅಜ್ಜಿ ಕಾಲದ್ದು, ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ. ಆದರೆ ಸೀಗೆಪುಡಿ ನೇರ ಕೂದಲಿನಿಂದ ಉದುರಿದ ಹಾಗೆ ನಮ್ಮ ಕೂದಲಿನಿಂದ ಉದುರುವುದಿಲ್ಲ. ಸುರುಳಿಯೊಳಗೆ ಸಿಕ್ಕಿಕೊಂಡು ಎರಡು ದಿನ ಮರಳಿನ ಹಾಗೆ ಕಾಡುತ್ತದೆ. ಬಳಸಲೇಬೇಕು ಅಂದರೆ ಕಾಯಿಯನ್ನೇ ನೆನೆಸಿ ಕುದಿಸಿ, ಬಟ್ಟೆಯಲ್ಲಿ ಸೋಸಿ, ನೀರು ಮಾತ್ರ ಬಳಸಿ. ಅಂಟುವಾಳಕ್ಕೂ ಇದೇ ಮಾತು. ಎರಡೂ ಒಣಗಿಸುವ ಸಾಮಾನೇ, 'ನ್ಯಾಚುರಲ್' ಅಂದ ಮಾತ್ರಕ್ಕೆ ಮೆತ್ತಗಲ್ಲ.

ನಮ್ಮ ಘಟ್ಟದ ಕಡೆಯ ದಾಸವಾಳ ಸೊಪ್ಪಿನ ಗೊಂಪು ಮಾತ್ರ ಬಂಗಾರ. ಸೊಪ್ಪನ್ನು ನೀರಿನಲ್ಲಿ ಕಿವುಚಿದರೆ ಬರುವ ಆ ಲೋಳೆಯಲ್ಲಿ ಬೆರಳು ಜಾರುತ್ತದಲ್ಲ, ಅದೇ ಜಾರುವಿಕೆಗೆ ಕಂಪನಿಗಳು ಏನೇನೋ ಬೆರೆಸಿ ಮಾರುತ್ತವೆ. ಮತ್ತಿ ಸೊಪ್ಪಿನದೂ ನಡೆಯುತ್ತದೆ. ಎಲೆಯ ಚೂರು ಉಳಿಯದ ಹಾಗೆ ಸೋಸುವುದು ಮರೆಯಬೇಡಿ.

ಮೈ ಸೋಪು ತಲೆಗೆ ಬೇಡ. ಅದು ಕ್ಷಾರ. ಗಡಸು ನೀರಿನ ಜೊತೆ ಸೇರಿ ಬೂದು ಬಣ್ಣದ ಗಸಿ ಕಟ್ಟುತ್ತದೆ. ಅಡುಗೆ ಸೋಡಾ, ನಿಂಬೆರಸ ನೇರವಾಗಿ ಹಾಕುವುದೂ ಬೇಡ.

ಹೆಜ್ಜೆ 5: ಕಂಡೀಷನರ್, ಇಲ್ಲಿ ಜಿಪುಣತನ ಬೇಡ

ನಮ್ಮ ಕೂದಲಿನ ದೊಡ್ಡ ಶತ್ರು ಸಿಕ್ಕು. ಸಿಕ್ಕು ಬಿಡಿಸುವಾಗ ಮುರಿಯುವಷ್ಟು ಕೂದಲು ಬೇರೆ ಯಾವಾಗಲೂ ಮುರಿಯುವುದಿಲ್ಲ. ಹಾಗಾಗಿ ಕಂಡೀಷನರ್‌ನಲ್ಲಿ ನೋಡಬೇಕಾದ ಮೊದಲ ಗುಣ ಜಾರುವಿಕೆ. ಒಂದು ಹನಿ ಬೆರಳುಗಳ ನಡುವೆ ಹಾಕಿ, ಎರಡು ಹನಿ ನೀರು ಸೇರಿಸಿ ಉಜ್ಜಿ. ಬೆಂಡೆಕಾಯಿ ಲೋಳೆಯ ಹಾಗೆ ಜಾರುತ್ತಲೇ ಇರಬೇಕು. ನೀರು ಬಿದ್ದ ಕೂಡಲೇ ತೆಳ್ಳಗಾಗಿ ಹೋದರೆ ಅದು ನೇರ ಕೂದಲಿನವರಿಗೆ ಸರಿ.

ಜಾರುವಿಕೆ ಕೊಡುವವು ಬೆಹೆಂಟ್ರಿಮೋನಿಯಂ ಮೆಥೊಸಲ್ಫೇಟ್, ಬೆಹೆಂಟ್ರಿಮೋನಿಯಂ ಕ್ಲೋರೈಡ್, ಸೆಟ್ರಿಮೋನಿಯಂ ಕ್ಲೋರೈಡ್. ಮೊದಲನೆಯದರಲ್ಲಿ 'ಸಲ್ಫೇಟ್' ಅಂತ ಇದೆಯಲ್ಲ ಅಂತ ಗಾಬರಿ ಬೇಡ. ಹೆಸರಿನ ಬಾಲ ಅಷ್ಟೇ, ಅದು ತೊಳೆಯುವ ಸಲ್ಫೇಟ್ ಅಲ್ಲ. ಇವುಗಳಿಗೆ ಧನ ವಿದ್ಯುದಂಶ ಇರುತ್ತದೆ, ಒದ್ದೆ ಕೂದಲಿಗೆ ಋಣ. ಹಾಗಾಗಿ ನೀರು ಹಾಕಿದರೂ ಸ್ವಲ್ಪ ಅಂಟಿಕೊಂಡು ಉಳಿಯುತ್ತವೆ. ಇವುಗಳಲ್ಲಿ ಒಂದಾದರೂ ಮೊದಲ ನಾಲ್ಕೈದು ಹೆಸರಿನಲ್ಲಿ ಬರಬೇಕು.

ಸಿಲಿಕೋನ್ ಬಗ್ಗೆ ಜಗಳ ಜಾಸ್ತಿ. ಹೆಸರು 'ಕೋನ್' ಅಂತ ಮುಗಿದರೆ ಸಾಮಾನ್ಯವಾಗಿ ಸಿಲಿಕೋನ್. ಅದು ವಿಷ ಅಲ್ಲ, ಕೂದಲಿಗೆ ರೇನ್‌ಕೋಟ್ ಇದ್ದ ಹಾಗೆ. ಒಳಗೆ ತೇವ ಇದ್ದಾಗ ಹಾಕಿದರೆ ತೇವ ಉಳಿಯುತ್ತದೆ, ಒಣಗಿದ ಮೇಲೆ ಹಾಕಿದರೆ ನೀರೇ ಒಳಗೆ ಹೋಗುವುದಿಲ್ಲ. ಡೈಮೆಥಿಕೋನ್ ಮೆತ್ತನೆಯ ಶಾಂಪೂವಿನಲ್ಲಿ ಪೂರ್ತಿ ಹೋಗುವುದಿಲ್ಲ, ಪದರ ಪದರವಾಗಿ ಕೂರುತ್ತದೆ. ತಿಂಗಳಿಗೊಮ್ಮೆ ಜೋರು ಶಾಂಪೂ ಹಾಕುವವರಿಗೆ ತೊಂದರೆ ಇಲ್ಲ. ಹಾಕದವರು ಸಿಲಿಕೋನ್ ಇಲ್ಲದ್ದನ್ನೋ, ಪೆಗ್-12 ಡೈಮೆಥಿಕೋನ್‌ನಂತೆ ನೀರಲ್ಲಿ ಕರಗುವುದನ್ನೋ ಆರಿಸಿ. ನಾನು ಮಳೆಗಾಲದಲ್ಲಿ ಸಿಲಿಕೋನ್ ಇರುವುದನ್ನೇ ಬಳಸುತ್ತೇನೆ. ತಪ್ಪು ಅನ್ನುವವರು ಅನ್ನಲಿ.

ಪ್ರೋಟೀನ್ ಅಂದರೆ ಹೈಡ್ರೊಲೈಸ್ಡ್ (ಸಣ್ಣ ಸಣ್ಣ ತುಂಡು ಮಾಡಿದ) ಗೋಧಿ, ರೇಷ್ಮೆ ಅಥವಾ ಕೆರಾಟಿನ್. ಒದ್ದೆ ಕೂದಲು ಎಳೆದಾಗ ಹಳೆಯ ಎಲಾಸ್ಟಿಕ್‌ನಂತೆ ಉದ್ದಕ್ಕೆ ಹಿಗ್ಗಿ ವಾಪಸ್ ಬರದಿದ್ದರೆ ಪ್ರೋಟೀನ್ ಬೇಕು. ಒಣಗಿದ ಹುಲ್ಲಿನಂತೆ ಪಟಪಟ ಮುರಿದರೆ ಪ್ರೋಟೀನ್ ಜಾಸ್ತಿಯಾಗಿರಬಹುದು. ಆಗ ಅದಿಲ್ಲದ ಕಂಡೀಷನರ್ ಎರಡು ಮೂರು ವಾರ ಬಳಸಿ ನೋಡಿ. ಎಲ್ಲ ಬಾಟಲಿಯಲ್ಲೂ ಪ್ರೋಟೀನ್ ಇರುವುದನ್ನೇ ಕೊಂಡರೆ ಈ ಗತಿ.

ಎಷ್ಟು ಹಚ್ಚಬೇಕು? ಬಾಟಲಿ ಮೇಲೆ 'ಕಾಸಿನಗಲ' ಅಂತಿದ್ದರೆ ನಗು ಬರುತ್ತದೆ. ನನ್ನ ಭುಜದುದ್ದದ ಕೂದಲಿಗೆ ಒಂದು ಸಲಕ್ಕೆ ಅರ್ಧ ಲೋಟ ಬೇಕು. ತಲೆಯನ್ನು ಆರೋ ಎಂಟೋ ಪಾಲು ಮಾಡಿ ಕ್ಲಿಪ್ ಹಾಕಿಕೊಳ್ಳಿ. ಒಂದು ಪಾಲನ್ನು ನೀರಿನಲ್ಲಿ ತೊಪ್ಪೆ ಆಗುವಷ್ಟು ನೆನೆಸಿ, ಕಂಡೀಷನರ್ ಮೆತ್ತಿ, ಮೊದಲು ಬೆರಳಿನಿಂದ, ಆಮೇಲೆ ಅಗಲ ಹಲ್ಲಿನ ಬಾಚಣಿಗೆಯಿಂದ ಬಿಡಿಸಿ. ತುದಿಯಿಂದ ಶುರು ಮಾಡಿ ಮೇಲಕ್ಕೆ ಹೋಗಿ, ಬುಡದಿಂದ ಕೆಳಗೆ ಎಳೆಯಬೇಡಿ. ಬಿಡಿಸಿದ ಪಾಲನ್ನು ಸಡಿಲವಾಗಿ ಹುರಿ ಹೊಸೆದು ಪಕ್ಕಕ್ಕೆ ಇಡಿ, ಇಲ್ಲದಿದ್ದರೆ ಮತ್ತೆ ಸಿಕ್ಕಾಗುತ್ತದೆ. ಒಣ ಕೂದಲಿಗೆ ಬಾಚಣಿಗೆ ಮುಟ್ಟಿಸಲೇಬೇಡಿ. ಶಾಲೆಗೆ ಹೊತ್ತಾಯಿತು ಅಂತ ಬೆಳಗ್ಗೆ ಒಣ ಕೂದಲು ಎಳೆದೆಳೆದು ಜಡೆ ಹಾಕಿದ ದಿನಗಳ ಅಳು ನನಗಿನ್ನೂ ನೆನಪಿದೆ.

ಹೆಜ್ಜೆ 6: ತೊಳೆದ ಮೇಲೆ ಹಚ್ಚುವುದು

ಇಲ್ಲಿ ಅಂಗಡಿಯವರು ಐದಾರು ಡಬ್ಬಿ ಮಾರಲು ನೋಡುತ್ತಾರೆ. ಬೇಕಾದದ್ದು ಮೂರು: ತೇವ ಕೊಡುವುದು, ತೇವ ಮುಚ್ಚಿಡುವುದು, ಬೇಕಿದ್ದರೆ ಆಕಾರ ಹಿಡಿಸುವುದು.

ತೇವ ಕೊಡುವುದು ಲೀವ್-ಇನ್, ಅಂದರೆ ಹಚ್ಚಿ ತೊಳೆಯದೆ ಹಾಗೇ ಬಿಡುವ ಕಂಡೀಷನರ್. ಮೊದಲ ಪದಾರ್ಥ ನೀರಾಗಿರಬೇಕು. ನೀರು ತೊಟ್ಟಿಕ್ಕುವ ಕೂದಲಿಗೇ ಹಚ್ಚಿ, ಒರೆಸಿದ ಮೇಲೆ ಅಲ್ಲ.

ಗ್ಲಿಸರಿನ್ ಜಾಸ್ತಿ ಇರುವುದನ್ನು ಹವೆ ನೋಡಿ ಕೊಳ್ಳಬೇಕು. ಅದು ಅಕ್ಕಪಕ್ಕದಿಂದ ನೀರು ಸೆಳೆಯುವ ವಸ್ತು. ಜುಲೈ ತಿಂಗಳ ಯಲ್ಲಾಪುರದಲ್ಲೋ ಅಂಕೋಲಾದಲ್ಲೋ ಗಾಳಿಯ ತೇವವನ್ನೆಲ್ಲ ಎಳೆದು ಕೂದಲು ಉಬ್ಬಿ ಅಂಟಂಟಾಗುತ್ತದೆ. ಏಪ್ರಿಲ್ ತಿಂಗಳ ವಿಜಯಪುರದಲ್ಲಿ ಗಾಳಿಯಲ್ಲೇ ನೀರಿಲ್ಲ, ಆಗ ಕೂದಲಿನ ತೇವವೇ ಹೊರಗೆ ಹೋಗಿ ಇನ್ನಷ್ಟು ಒಣಗಬಹುದು. ಈ ಎರಡೂ ಕಾಲದಲ್ಲಿ ಗ್ಲಿಸರಿನ್ ಪಟ್ಟಿಯ ಕೆಳಗಡೆ ಇರುವುದು ಮೇಲು.

ಮುಚ್ಚಿಡುವುದು ಎಣ್ಣೆ, ಬೆಣ್ಣೆ. ಎಣ್ಣೆ ತೇವ ಕೊಡುವುದಿಲ್ಲ, ಇದ್ದ ತೇವ ಹೋಗದಂತೆ ತಡೆಯುತ್ತದೆ. ಒಣ ತಲೆಗೆ ಎಷ್ಟು ಎಣ್ಣೆ ಮೆತ್ತಿದರೂ ಒಳಗೆ ಒಣಗೇ. ತೆಂಗಿನೆಣ್ಣೆಯದು ಮಾತ್ರ ಸ್ವಲ್ಪ ಬೇರೆ ಕತೆ. ಅದರ ಲಾರಿಕ್ ಆಮ್ಲ ಸಣ್ಣ, ನೇರ ಅಣು. ಹಾಗಾಗಿ ಕೂದಲೊಳಗೆ ಇಳಿಯುತ್ತದೆ. 2003ರಲ್ಲಿ ಪ್ರಕಟವಾದ ಭಾರತದ್ದೇ ಒಂದು ಅಧ್ಯಯನದಲ್ಲಿ ಮಿನರಲ್ ಎಣ್ಣೆ, ಸೂರ್ಯಕಾಂತಿ ಎಣ್ಣೆಗೆ ಹೋಲಿಸಿದರೆ ತೆಂಗಿನೆಣ್ಣೆಯೇ ಕೂದಲಿನ ಪ್ರೋಟೀನ್ ನಷ್ಟವನ್ನು ತಗ್ಗಿಸಿತ್ತು. ಅದಕ್ಕೇ ತಲೆಸ್ನಾನದ ಮುಂಚೆ ಒಂದೆರಡು ಗಂಟೆ ತೆಂಗಿನೆಣ್ಣೆ ಹಚ್ಚುವ ನಮ್ಮ ಹಳೆಯ ಪದ್ಧತಿಯನ್ನು ಬಿಡಬೇಡಿ. ಕೆಲವರಿಗೆ ಮಾತ್ರ ಅದರಿಂದ ಕೂದಲು ಕಡ್ಡಿಯಾಗುತ್ತದೆ. ಅಂಥವರು ಎಳ್ಳೆಣ್ಣೆಯೋ ಬಾದಾಮಿ ಎಣ್ಣೆಯೋ ನೋಡಿ. ಹರಳೆಣ್ಣೆ ದಪ್ಪ, ಮುಚ್ಚಿಡಲು ಒಳ್ಳೆಯದು, ಎರಡು ಹನಿ ಸಾಕು. ಅದರಿಂದ ಕೂದಲು ಹುಲುಸಾಗಿ ಬೆಳೆಯುತ್ತದೆ ಅನ್ನುವುದು ಜಾಹೀರಾತಿನ ಮಾತು.

ಶಿಯಾ ಬೆಣ್ಣೆ ಪಶ್ಚಿಮ ಆಫ್ರಿಕಾದ ಘಾನಾ, ಬುರ್ಕಿನಾ ಫಾಸೊ ಕಡೆಯ ಮರದ ಬೀಜದ್ದು. ಬೆರಳ ಬಿಸಿಗೇ ಕರಗುತ್ತದೆ, ಬಿಗಿ ಸುರುಳಿಗೆ ಬಹಳ ಒಗ್ಗುತ್ತದೆ. ಈಗ ಆನ್‌ಲೈನಲ್ಲಿ ಸಿಗುತ್ತದೆ. ದುಬಾರಿ ಅನ್ನಿಸಿದರೆ ನಮ್ಮಲ್ಲೇ ಮುರುಗಲ ಬೀಜದ ತುಪ್ಪ ಇದೆ. ಹಿಮ್ಮಡಿ ಒಡೆದರೆ ಹಚ್ಚುತ್ತಾರಲ್ಲ, ಅದೇ. ಅದು ಶಿಯಾಗಿಂತ ಗಟ್ಟಿ, ಒಂದೇ ಹಚ್ಚಿದರೆ ಮೇಣದ ಚೂರಿನಂತೆ ನಿಲ್ಲುತ್ತದೆ. ಒಂದು ಪಾಲು ತುಪ್ಪಕ್ಕೆ ಮೂರು ಪಾಲು ಎಳ್ಳೆಣ್ಣೆ ಸೇರಿಸಿ, ಬಿಸಿನೀರಿನ ಮೇಲಿಟ್ಟು ಕರಗಿಸಿ, ಆರಿಸಿ ಡಬ್ಬಿಗೆ ತುಂಬಿ. ಇವೆಲ್ಲ ತುದಿಗೆ, ನೆತ್ತಿಗಲ್ಲ. ತಲೆಹೊಟ್ಟು ಇದ್ದವರು ನೆತ್ತಿಗೆ ಎಣ್ಣೆ ಮೆತ್ತಿದರೆ ಹೊಟ್ಟು ಜಾಸ್ತಿಯಾಗುತ್ತದೆ, ಅದಕ್ಕೆ ಕಾರಣವಾದ ಶಿಲೀಂಧ್ರಕ್ಕೆ ಎಣ್ಣೆಯೇ ಊಟ.

ಆಕಾರ ಹಿಡಿಸಲು ಜೆಲ್. ಅಗಸೆ ಬೀಜದ ಜೆಲ್ ಮನೆಯಲ್ಲೇ ಆಗುತ್ತದೆ. ಕಾಲು ಕಪ್ ಅಗಸೆಗೆ ಎರಡು ಕಪ್ ನೀರು ಹಾಕಿ ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಕುದಿಸಿ. ಸೌಟೆತ್ತಿದಾಗ ಮೊಟ್ಟೆಯ ಬಿಳಿಯಂತೆ ದಾರ ಇಳಿದರೆ ತಕ್ಷಣ ಒಲೆ ಆರಿಸಿ, ಬಿಸಿ ಇರುವಾಗಲೇ ತೆಳು ಬಟ್ಟೆಯಲ್ಲಿ ಸೋಸಿ. ಆರಲು ಬಿಟ್ಟಿರೋ, ಬೀಜವೂ ಜೆಲ್ಲೂ ಒಂದೇ ಮುದ್ದೆ. ನಾನು ಒಮ್ಮೆ ಫೋನ್ ಬಂತು ಅಂತ ಹೋಗಿ, ಬಂದು ಅರ್ಧ ಗಂಟೆ ಆ ಬಟ್ಟೆ ಹಿಂಡಿ ಕೈ ಸೋತು ಕೊನೆಗೆ ಗಿಡಕ್ಕೆ ಸುರಿದೆ. ಫ್ರಿಜ್ಜಿನಲ್ಲಿ ಒಂದು ವಾರ ಇರುತ್ತದೆ, ಹುಳಿ ವಾಸನೆ ಬಂದರೆ ಎಸೆಯಿರಿ.

ಒರೆಸಲು ಟವೆಲ್ ಬೇಡ, ಹಳೆಯ ಕಾಟನ್ ಟೀ-ಶರ್ಟ್ ಸಾಕು. ರಾತ್ರಿಗೆ ಹರಿದ ರೇಷ್ಮೆ ಸೀರೆಯ ತುಂಡಿನಿಂದ ದಿಂಬಿನ ಕವರ್ ಹೊಲಿಸಿಕೊಳ್ಳಿ. ಹತ್ತಿ ಬಟ್ಟೆ ಕೂದಲಿನ ತೇವ ಹೀರುತ್ತದೆ, ಉಜ್ಜುತ್ತದೆ.

ಹೆಜ್ಜೆ 7: ಒಂದೊಂದಾಗಿ ಪರೀಕ್ಷೆ

ಹೊಸದೇನೇ ತಂದರೂ ಮೊದಲು ಮೊಣಕೈಯ ಒಳಭಾಗಕ್ಕೆ ಚೂರು ಹಚ್ಚಿ ಎರಡು ದಿನ ನೋಡಿ. ತುರಿಕೆ, ಕೆಂಪು ಬಂದರೆ ತಲೆಗೆ ಬೇಡ. ಆಮೇಲೆ ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸಿ, ನಾಲ್ಕು ತಲೆಸ್ನಾನ ಆಗುವವರೆಗೆ ತೀರ್ಮಾನ ಮಾಡಬೇಡಿ. ಶಾಂಪೂ, ಕಂಡೀಷನರ್, ಜೆಲ್ ಮೂರನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದು ಕೆಡಿಸಿತು ಅಂತ ಗೊತ್ತಾಗುವುದು ಹೇಗೆ? ಕ್ಯಾಲೆಂಡರಿನ ತಾರೀಖಿನ ಮೇಲೆ ಎರಡು ಪದ ಗೀಚಿದರೂ ಸಾಕು: 'ಮೆತ್ತಗೆ', 'ಅಂಟು', 'ಸಿಕ್ಕು ಜಾಸ್ತಿ'.

ಕೊಳ್ಳಲೇಬಾರದ್ದು

ಹತ್ತೊಂಬತ್ತು ವರ್ಷದವಳಿದ್ದಾಗ ಒಂದು ಪಾರ್ಲರಿನಲ್ಲಿ ಸ್ಮೂತ್ನಿಂಗ್, ಅಂದರೆ ರಾಸಾಯನಿಕ ಹಾಕಿ ಕೂದಲು ನೇರ ಮಾಡುವುದು, ಮಾಡಿಸಿಕೊಂಡೆ. ಕಣ್ಣುರಿಯುವ ವಾಸನೆ. 'ಸ್ವಲ್ಪ ಹೊತ್ತು ತಡ್ಕೋಳಿ' ಅಂದರು. ಎರಡು ತಿಂಗಳು ಎಲ್ಲರೂ ಹೊಗಳಿದರು. ಮೂರನೇ ತಿಂಗಳು ಬುಡದಲ್ಲಿ ಹೊಸ ಸುರುಳಿ ಬಂತು. ಹೊಸ ಸುರುಳಿಯೂ ಹಳೆಯ ನೇರ ಕೂದಲೂ ಸೇರುವ ಜಾಗವೇ ಎಲ್ಲಕ್ಕಿಂತ ದುರ್ಬಲ. ಬಾಚಿದರೆ ಅಲ್ಲೇ ಕಟ್. ಕೊನೆಗೆ ಅಣ್ಣನ ಟ್ರಿಮ್ಮರ್ ಹಾಕಿ ಬೋಳಿಸಿದೆ.

ನೇರ ಮಾಡುವ ಕೆಲವು ಸಾಮಾನುಗಳಲ್ಲಿ ಫಾರ್ಮಾಲ್ಡಿಹೈಡ್ ಇರುತ್ತದೆ ಅಥವಾ ಬಿಸಿ ಮಾಡಿದಾಗ ಹೊರಬರುತ್ತದೆ. ಅಮೆರಿಕದಲ್ಲಿ 33,497 ಮಹಿಳೆಯರನ್ನು ಹಿಂಬಾಲಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವರ್ಷಕ್ಕೆ ನಾಲ್ಕಕ್ಕಿಂತ ಜಾಸ್ತಿ ಸಲ ಕೂದಲು ನೇರ ಮಾಡುವ ರಾಸಾಯನಿಕ ಬಳಸಿದವರಲ್ಲಿ ಗರ್ಭಕೋಶದ ಕ್ಯಾನ್ಸರ್ ಎರಡು ಪಟ್ಟಿಗಿಂತ ಜಾಸ್ತಿ ಕಂಡಿತ್ತು. ಒಟ್ಟಾರೆ ಅದು ಅಪರೂಪದ ಕಾಯಿಲೆಯೇ, ರಾಸಾಯನಿಕವೇ ಕಾರಣ ಅಂತ ಅದರಿಂದ ಸಾಬೀತೂ ಆಗಲಿಲ್ಲ. ಆದರೂ ಮಗಳ ಮದುವೆಗೆ ಅಂತ ಮಾಡಿಸುವ ಮುಂಚೆ ತಿಳಿದಿರಲಿ.

'ಹದಿನೈದು ದಿನದಲ್ಲಿ ಕೂದಲು ಉದ್ದ' ಅನ್ನುವ ಎಣ್ಣೆಗಳೂ ಬೇಡ. ತಲೆ ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ, ನಮ್ಮದು ಇನ್ನೂ ಸ್ವಲ್ಪ ನಿಧಾನ. ಹಣೆಯ ಅಂಚಿನಲ್ಲಿ ಕೂದಲು ಹಿಂದೆ ಸರಿಯುತ್ತಿದ್ದರೆ ಬಿಗಿ ಜಡೆ, ಬಿಗಿ ರಬ್ಬರ್ ಕಾರಣ ಇರಬಹುದು. ಮೊದಲು ಅದನ್ನು ಸಡಿಲ ಮಾಡಿ. ನಡುನೆತ್ತಿ ಬಯಲಾಗುತ್ತಿದ್ದರೆ, ನೋವು, ಉರಿ, ಕೀವು ಇದ್ದರೆ ಅಂಗಡಿಗೆ ಹೋಗಬೇಡಿ, ಚರ್ಮದ ಡಾಕ್ಟರ ಹತ್ತಿರ ಹೋಗಿ. ತಡ ಮಾಡಿದರೆ ಕೆಲವು ಬಗೆಯಲ್ಲಿ ಬುಡವೇ ಮುಚ್ಚಿಹೋಗಿ ಕೂದಲು ಮತ್ತೆ ಬರುವುದಿಲ್ಲ.

ಸಾವಿರ ರೂಪಾಯಿ ಇದ್ದರೆ

ನಾನಾದರೆ ಹೀಗೆ ಹಂಚುತ್ತೇನೆ. ಮೆತ್ತನೆಯ ಶಾಂಪೂಗೆ 250. ಜಾರುವಿಕೆ ಇರುವ, ಸಿಗುವುದರಲ್ಲೇ ದೊಡ್ಡ ಬಾಟಲಿ ಕಂಡೀಷನರ್‌ಗೆ 500. ಅಗಲ ಹಲ್ಲಿನ ಬಾಚಣಿಗೆಗೆ, ಕ್ಲಿಪ್ಪಿಗೆ 100. ಉಳಿದ 150ರಲ್ಲಿ ಎಣ್ಣೆ, ಅಗಸೆ. ಲೀವ್-ಇನ್ ಬೇರೆ ಬೇಡ. ಅದೇ ಕಂಡೀಷನರನ್ನು ಪೂರ್ತಿ ತೊಳೆಯದೆ ಸ್ವಲ್ಪ ಉಳಿಸಿಕೊಂಡರೆ ಆಯಿತು, ನೆತ್ತಿಗೆ ತಾಗದಂತೆ ನೋಡಿಕೊಳ್ಳಿ. ಕೊಳ್ಳುವಾಗ ಅವಧಿ ಮುಗಿಯುವ ತಾರೀಖು ನೋಡಿ. ಬಾಟಲಿ ಮೇಲೆ ಮುಚ್ಚಳ ತೆರೆದ ಡಬ್ಬಿಯ ಚಿತ್ರ, ಅದರೊಳಗೆ 12 ಅಂತ ಇದ್ದರೆ ತೆರೆದು ಹನ್ನೆರಡು ತಿಂಗಳೊಳಗೆ ಮುಗಿಸಬೇಕು.

ಅಕ್ಕನ ಮಗಳ ಟ್ರಂಕಿಗೆ ಕೊನೆಗೆ ಹೋದದ್ದು ಒಂದು ಶಾಂಪೂ, ನಾಲ್ಕು ಸ್ಯಾಶೆ, ಬಾಚಣಿಗೆ, ಮುರುಗಲ ತುಪ್ಪದ ಸಣ್ಣ ಡಬ್ಬಿ, ನನ್ನ ಹಳೆಯ ಟೀ-ಶರ್ಟ್. ಕಂಡೀಷನರ್ ಮಾತ್ರ ಎರಡು ಬಾಟಲಿ.